ರಕ್ತಪರೀಕ್ಷೆ ಔಷಧಿಗೆ ದಾರಿಯಾಗಲಿ, ಬೀದಿಗಲ್ಲ

ಹೋಟೆಲು ಕೆಲಸಗಾರರಲ್ಲಿ ಕಾಮಾಲೆ ಎಂಬ ಹೆಸರೆತ್ತಿದರೆ ಸಾಕು, ಎರಡು ಬಗೆಯ ಹೆದರಿಕೆ ಹುಟ್ಟುತ್ತದೆ. ಒಂದು ಜೀವದ ಹೆದರಿಕೆ, ಇನ್ನೊಂದು ಕೆಲಸದ ಹೆದರಿಕೆ. ಎರಡರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಎರಡನೆಯದನ್ನೇ ತೋರಿಸಿಯಾರು. ಕಾಯಿಲೆ ಬಿದ್ದವನು ಒಬ್ಬನೇ ನರಳುತ್ತಾನೆ; ಕೆಲಸ ಹೋದರೆ ಊರಿನಲ್ಲಿ ತಿಂಗಳ ಹಣದ ದಾರಿ ಕಾಯುವ ಐದಾರು ಹೊಟ್ಟೆಗಳು ನರಳುತ್ತವೆ. ಆದ್ದರಿಂದಲೇ ನಮ್ಮವರು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಈ ಮಾತನ್ನು ಈಗ ಬರೆಯಲು ಕಾರಣವಿದೆ. ಅಡಿಗೆ ಮಾಡುವವರು, ಬಡಿಸುವವರು, ಪಾತ್ರೆ ತೊಳೆಯುವವರು ವರ್ಷಕ್ಕೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದೆಂದು ಆಹಾರ ಸುರಕ್ಷತೆಯ 2011ರ ನಿಯಮಗಳು ವಿಧಿಸಿವೆ. ನಿಯಮ ಒಳ್ಳೆಯದೇ. ಅದು ನಡೆಯುವ ರೀತಿ ಮಾತ್ರ ಒಳ್ಳೆಯದಲ್ಲ. ಕೆಲವು ಕಡೆ ಮೈ ಮುಟ್ಟಿ ನೋಡದೆಯೇ ಇಪ್ಪತ್ತು ಜನರ ಸರ್ಟಿಫಿಕೇಟಿಗೆ ಒಂದೇ ಕೂರುವಿಕೆಯಲ್ಲಿ ಸಹಿ ಬೀಳುತ್ತದೆ. ಇನ್ನು ಕೆಲವು ಕಡೆ ರಕ್ತ ತೆಗೆದು ನಿಜವಾಗಿಯೇ ಪರೀಕ್ಷಿಸುತ್ತಾರೆ. ಆದರೆ ಅದರ ಫಲಿತಾಂಶ ರಕ್ತ ಕೊಟ್ಟವನಿಗಿಂತ ಮೊದಲು ಗಲ್ಲೆಯಲ್ಲಿ ಕುಳಿತವರಿಗೆ ತಿಳಿಯುತ್ತದೆ. ಕಾಗದದ ಮೇಲೆ 'ಹೆಪಟೈಟಿಸ್ ಬಿ' ಎಂದು ಕಂಡರೆ ಸಂಜೆಯೊಳಗೆ ಆ ಹುಡುಗನ ಲೆಕ್ಕ ಚುಕ್ತಾ. ಹೀಗೆ ಟ್ರಂಕು ಎತ್ತಿಕೊಂಡು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದವರನ್ನು ನಾವು ಕಂಡಿದ್ದೇವೆ. ಅವರಲ್ಲಿ ಒಬ್ಬನಿಗಾದರೂ ಈ ಕಾಯಿಲೆ ಏನು, ಮುಂದೆ ಏನು ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ.

ಸಹಿ ಮಾತ್ರದ ಪರೀಕ್ಷೆಯೂ ತಪ್ಪು, ಕೆಲಸ ಕಳೆಯುವ ಪರೀಕ್ಷೆಯೂ ತಪ್ಪು. ಏಕೆ ತಪ್ಪೆಂಬುದು ಮನಸ್ಸಿಗೆ ಹತ್ತಬೇಕಾದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ವೈದ್ಯವಿಜ್ಞಾನ ಈ ಕಾಯಿಲೆಯ ವಿಷಯದಲ್ಲಿ ಏನು ಕಂಡುಹಿಡಿದಿದೆ ಎಂಬುದನ್ನು ನಾವೂ ನಮ್ಮ ಮಾಲಿಕರೂ ತಿಳಿಯಬೇಕು. ವಿಜ್ಞಾನದ ಮಾತು ಡಾಕ್ಟರರಿಗೆ ಇರಲಿ, ನಮಗೇಕೆ ಎಂದು ಯಾರೂ ಪುಟ ತಿರುಗಿಸಕೂಡದು. ಈ ಕಥೆಯಲ್ಲಿ ನಮ್ಮ ನೀರಿನ ಟಾಕಿಯೂ ಇದೆ, ನಮ್ಮ ಕೈಬೆರಳೂ ಇದೆ.

ಮೊದಲು ಲಿವರಿನ ಮಾತು. ಯಕೃತ್ತೆಂದು ಪುಸ್ತಕಗಳು ಕರೆಯುವ ಈ ಅಂಗ ಬಲಗಡೆಯ ಪಕ್ಕೆಲುಬಿನ ಕೆಳಗೆ ಇದೆ. ತಿಂದ ಅನ್ನದ ಸಾರವನ್ನು ಕೂಡಿಡುವುದು, ರಕ್ತದ ವಿಷವನ್ನು ಸೋಸುವುದು, ಪಿತ್ತರಸ ಮಾಡುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ತಯಾರಿಸುವುದು ಎಲ್ಲವೂ ಅದರ ಪಾಲಿನ ಕೆಲಸ. ಹೋಟೆಲಿನಲ್ಲಿ ಅಡಿಗೆಮನೆ ಇದ್ದಂತೆ ದೇಹಕ್ಕೆ ಲಿವರ್. ಇದರ ಒಂದು ಗುಣ ನಮ್ಮ ಜನರ ಗುಣದಂತೆಯೇ ಇದೆ: ಎಷ್ಟು ಹೊರೆ ಹೇರಿದರೂ ಬಾಯಿಬಿಟ್ಟು ಹೇಳುವುದಿಲ್ಲ. ಅರ್ಧಕ್ಕೂ ಹೆಚ್ಚು ಭಾಗ ಕೆಟ್ಟಿದ್ದರೂ ಮನುಷ್ಯ ಎಂದಿನಂತೆ ತಟ್ಟೆ ಹಿಡಿದು ಓಡಾಡುತ್ತಿರುತ್ತಾನೆ. ಕಾಲು ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗುವ ಹೊತ್ತಿಗೆ ಲಿವರ್ ಗಂಟುಗಟ್ಟಿ ಕಲ್ಲಿನಂತಾಗಿರುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ, ಆಗ ಆಸ್ಪತ್ರೆಗೆ ಓಡಿದರೆ ಉಳಿಯುವ ದಾರಿಗಳು ಕಡಿಮೆ. ಆದ್ದರಿಂದ ಲಿವರ್ ಕಾಯಿಲೆಯ ಸಂಶೋಧನೆಯೆಂದರೆ ಬಹುಮಟ್ಟಿಗೆ ಮೂಕನ ಮಾತನ್ನು ಮೊದಲೇ ಅರಿಯುವ ಪ್ರಯತ್ನ.

ಈಗ ಕಾಮಾಲೆಗೆ ಬರೋಣ. ಕಣ್ಣು ಹಳದಿಯಾಗುವುದು ಕಾಯಿಲೆಯ ಗುರುತು, ಅದೇ ಕಾಯಿಲೆಯಲ್ಲ. ಅದರ ಹಿಂದೆ ಬೇರೆ ಬೇರೆ ವೈರಾಣುಗಳಿವೆ. ಎ, ಬಿ, ಸಿ, ಡಿ, ಇ ಎಂದು ಐದು ಅಕ್ಷರಗಳಿಂದ ಅವನ್ನು ಕರೆಯುತ್ತಾರೆ. ಇವುಗಳಲ್ಲಿ ಎ ಮತ್ತು ಇ ನೀರು ಹಾಗೂ ಆಹಾರದ ಮೂಲಕ ಬರತಕ್ಕವು. ಬಿ, ಸಿ ಮತ್ತು ಡಿ ರಕ್ತದ ಮೂಲಕ ಬರತಕ್ಕವು. ಬಿ ವೈರಾಣು ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ, ಗಂಡುಹೆಣ್ಣಿನ ಸಂಪರ್ಕದಿಂದಲೂ ಹರಡುತ್ತದೆ. ಈ ಒಂದು ಭೇದವನ್ನು ನಮ್ಮ ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇಡೀ ವಾದ ಅದರ ಮೇಲೆಯೇ ನಿಂತಿದೆ.

ನೀರಿನ ಕಾಮಾಲೆಯ ಕಥೆ ನಮ್ಮ ದೇಶದ್ದೇ. 1955ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಯಮುನೆಯ ಹರಿವು ಬದಲಾಗಿ, ನಜಫ್‌ಗಢದ ಚರಂಡಿಯ ಕೊಳೆ ವಜೀರಾಬಾದಿನಲ್ಲಿ ಕುಡಿಯುವ ನೀರನ್ನು ಎತ್ತುವ ಜಾಗಕ್ಕೇ ಬಂದು ಸೇರಿತು. ಅಧಿಕಾರಿಗಳು ನೀರಿಗೆ ಹೆಚ್ಚು ಕ್ಲೋರಿನ್ ಹಾಕಿದರು. ಅದರಿಂದ ಟೈಫಾಯಿಡ್, ಆಮಶಂಕೆ ಏರಲಿಲ್ಲ. ಆದರೆ ಐದಾರು ವಾರಗಳ ಬಳಿಕ ಊರಿಗೆ ಊರೇ ಹಳದಿಯಾಯಿತು. ಡಿಸೆಂಬರ್ ಮತ್ತು ಜನವರಿಯೊಳಗೆ ಸುಮಾರು 29,300 ಜನರಿಗೆ ಕಾಮಾಲೆಯಾಯಿತೆಂದು ಲೆಕ್ಕ ಹಾಕಿದ್ದಾರೆ. ಯಾವ ವೈರಾಣು ಎಂದು ಹೇಳುವ ಪರೀಕ್ಷೆ ಆಗ ಇರಲಿಲ್ಲ. ಹಳೆಯ, ಗೊತ್ತಿರುವ ನೀರಿನ ಕಾಮಾಲೆಯೇ ಇರಬೇಕೆಂದು ಎಲ್ಲರೂ ನಂಬಿದರು.

ಇಪ್ಪತ್ತು ವರ್ಷ ದಾಟಿ, 1978ರ ಚಳಿಗಾಲದಲ್ಲಿ ಕಾಶ್ಮೀರದ ಕಣಿವೆಯ ಹಳ್ಳಿಗಳಲ್ಲಿ ಅದೇ ಬಗೆಯ ಪಿಡುಗು ಎದ್ದಿತು. ಮೊಹಮ್ಮದ್ ಸುಲ್ತಾನ್ ಖುರೂ ಎಂಬ ತರುಣ ವೈದ್ಯರು ಹಳ್ಳಿಯಿಂದ ಹಳ್ಳಿಗೆ ತಿರುಗಿ ರೋಗಿಗಳ ಲೆಕ್ಕ ಬರೆದುಕೊಂಡರು, ರಕ್ತ ಸಂಗ್ರಹಿಸಿದರು. ಗರ್ಭಿಣಿಯರೇ ಹೆಚ್ಚಾಗಿ ಸಾಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ಆ ರಕ್ತದಲ್ಲಿ ಎ ವೈರಾಣುವೂ ಇರಲಿಲ್ಲ, ಬಿ ವೈರಾಣುವೂ ಇರಲಿಲ್ಲ. ಇದು ಹೊಸದೇ ಒಂದು ರೋಗವೆಂದು ಅವರು 1980ರಲ್ಲಿ ಬರೆದರು. ಅದೇ ವರ್ಷ ಪುಣೆಯ ವೈರಾಣು ಸಂಸ್ಥೆಯವರೂ ಅಮೆರಿಕದ ವಿಜ್ಞಾನಿಗಳೂ ಕೂಡಿ, ದಿಲ್ಲಿಯ ಆ ಹಳೆಯ ಪಿಡುಗಿನಲ್ಲಿ ತೆಗೆದು ಜೋಪಾನ ಮಾಡಿದ್ದ ರಕ್ತವನ್ನೂ, ಗಿರಣಿಗಳ ಊರಾದ ಅಹಮದಾಬಾದಿನಲ್ಲಿ 1975-76ರಲ್ಲಿ ತೆಗೆದ ರಕ್ತವನ್ನೂ ಹೊರತೆಗೆದು ಪರೀಕ್ಷಿಸಿ ಇದೇ ತೀರ್ಮಾನಕ್ಕೆ ಬಂದರು. ಇಪ್ಪತ್ತೈದು ವರ್ಷ ಕಾದಿದ್ದ ಆ ರಕ್ತದಿಂದ ಹಳೆಯ ತಿಳುವಳಿಕೆ ಸುಳ್ಳೆಂದು ಗೊತ್ತಾಯಿತು. 1983ರಲ್ಲಿ ರಷ್ಯದ ಮಿಖಾಯಿಲ್ ಬಲಾಯನ್ ಎಂಬ ವಿಜ್ಞಾನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾಯಿಲೆಯಾದ ಸೈನಿಕರ ಮಲದಿಂದ ತೆಗೆದ ದ್ರವವನ್ನು ತಾವೇ ಕುಡಿದು, ತಮಗೇ ಕಾಮಾಲೆ ಬರಿಸಿಕೊಂಡು, ತಮ್ಮ ಮಲದಲ್ಲಿ ವೈರಾಣುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಅದೇ ಈಗಿನ ಹೆಪಟೈಟಿಸ್ ಇ.

ಈ ಕಥೆಯಿಂದ ನಮಗೆ ತಿಳಿಯಬೇಕಾದುದು ಏನು? ಹೆಪಟೈಟಿಸ್ ಇ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದರೆ ತಿಂಗಳು ತುಂಬುತ್ತಿರುವ ಬಸುರಿಯರಲ್ಲಿ ಐವರಿಗೆ ಒಬ್ಬರಂತೆ ಸಾವು ತರುವಷ್ಟು ಕ್ರೂರವಾದುದು. ಅದು ಬರುವುದು ಚರಂಡಿ ಸೇರಿದ ನೀರಿನಿಂದ. 2012ರಲ್ಲಿ ನಮ್ಮ ನೆರೆಯ ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಸಾವಿರಾರು ಮಂದಿ ಇದರಿಂದಲೇ ಹಾಸಿಗೆ ಹಿಡಿದರು, ಸಾವುಗಳೂ ಆದವು. ಕೂಲಿಯವನು ಮಗ್ಗದ ಮುಂದೆ ನಿಂತು ಬೆವರು ಸುರಿಸಿ ನಲ್ಲಿಯ ನೀರು ಕುಡಿದರೆ ಅದರಲ್ಲಿ ಅವನ ತಪ್ಪೇನು? ಹೋಟೆಲಿನಲ್ಲಿಯೂ ಹಾಗೆಯೇ. ಟಾಕಿ ತೊಳೆಯದೆ ಎಷ್ಟು ತಿಂಗಳಾಯಿತೆಂದು ಯಾರೂ ಕೇಳುವುದಿಲ್ಲ. ಸಂಡಾಸಿನ ಪಕ್ಕದಲ್ಲಿ ಸಾಬೂನು ಇಲ್ಲ. ಮೋರಿಯಲ್ಲಿ ಒಂದೇ ನೀರಿನಲ್ಲಿ ನೂರು ಕಪ್ಪು ಅದ್ದಿ ತೆಗೆಯುವಂತೆ ಹೇಳುತ್ತಾರೆ. ಕಾಮಾಲೆ ಬಂದಾಗ ಮಾತ್ರ ಕ್ಲೀನರನ ಕೈ ಕೊಳೆಯಾಗಿತ್ತೆಂದು ಬೊಟ್ಟುಮಾಡುತ್ತಾರೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿರಬೇಕು.

ಎರಡನೆಯ ಕಥೆ ಬಿ ವೈರಾಣುವಿನದು. ಅಮೆರಿಕದ ಬರುಕ್ ಬ್ಲಂಬರ್ಗ್ ಎಂಬ ವೈದ್ಯರು ಕಾಮಾಲೆಯನ್ನು ಹುಡುಕಿ ಹೊರಟವರೇ ಅಲ್ಲ. ಬೇರೆ ಬೇರೆ ದೇಶದ ಜನರ ರಕ್ತದಲ್ಲಿ ಏನು ಭೇದವಿದೆ ಎಂದು ನೋಡುತ್ತಿದ್ದರು. ಹಲವಾರು ಸಲ ಬೇರೆಯವರ ರಕ್ತ ಪಡೆದ ಒಬ್ಬ ರೋಗಿಯ ರಕ್ತರಸ, ಆಸ್ಟ್ರೇಲಿಯದ ಒಬ್ಬ ಮೂಲನಿವಾಸಿಯ ರಕ್ತದಲ್ಲಿದ್ದ ಯಾವುದೋ ವಸ್ತುವಿನೊಡನೆ ಸೇರಿ ಗೆರೆ ಮೂಡಿಸಿತು. ಅದಕ್ಕೆ 'ಆಸ್ಟ್ರೇಲಿಯಾ ಆಂಟಿಜೆನ್' ಎಂದು ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಬರಬರುತ್ತ ಅದು ಬಿ ವೈರಾಣುವಿನ ಹೊರಕವಚವೆಂದು ಸಿದ್ಧವಾಯಿತು. ಇಂದು ನಮ್ಮ ಬೆರಳಿನ ಹನಿರಕ್ತದಲ್ಲಿ ಪರೀಕ್ಷಿಸುವುದೂ ಆ ಕವಚವನ್ನೇ. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಅವರು ಹುಟ್ಟಿದ ಜುಲೈ 28ನ್ನೇ ಜಗತ್ತು ಹೆಪಟೈಟಿಸ್ ದಿನವೆಂದು ಆಚರಿಸುತ್ತದೆ.

ಬ್ಲಂಬರ್ಗರೂ ಅವರ ಜೊತೆಗಾರ ಇರ್ವಿಂಗ್ ಮಿಲ್‌ಮನ್ನರೂ ಆ ಕವಚದಿಂದಲೇ ಲಸಿಕೆ ಮಾಡಬಹುದೆಂದು 1969ರಲ್ಲಿ ತೋರಿಸಿದರು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. 1984ರಲ್ಲಿ ತೈವಾನ್ ದೇಶ ಹುಟ್ಟಿದ ಮಕ್ಕಳಿಗೆ ಹಾಕಿಸಲು ತೊಡಗಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ಚುಚ್ಚುಮದ್ದಿನಿಂದ ಕ್ಯಾನ್ಸರನ್ನು ತಡೆಯಬಹುದೆಂದು ಜಗತ್ತು ಮೊದಲ ಸಲ ಕಂಡದ್ದು ಹೀಗೆ. ನಮ್ಮ ದೇಶದಲ್ಲಿ ಹೊರಗಿನಿಂದ ಬರುತ್ತಿದ್ದ ಈ ಲಸಿಕೆಯ ಬೆಲೆ ಬಡವರಿಗೆ ಎಟುಕುತ್ತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲಿಯೇ ತಯಾರಿಸಿ ಮಾರಾಟಕ್ಕೆ ತಂದ ಮೇಲೆ ಬೆಲೆ ಕೆಳಗಿಳಿಯಿತು. 2002ರಲ್ಲಿ ಕೆಲವು ಕಡೆ ಪ್ರಾರಂಭವಾಗಿ, 2011ರಿಂದ ದೇಶದ ಎಲ್ಲ ಮಕ್ಕಳ ಲಸಿಕೆಯ ಪಟ್ಟಿಯಲ್ಲಿ ಇದು ಸೇರಿದೆ. ಅಂದರೆ ಇಂದು ತಟ್ಟೆ ಹಿಡಿದಿರುವ ನಮ್ಮಲ್ಲಿ ಹೆಚ್ಚಿನವರು ಆ ಪಟ್ಟಿ ಬರುವ ಮೊದಲೇ ಹುಟ್ಟಿದವರು. ನಮಗೆ ಲಸಿಕೆ ಬಿದ್ದಿಲ್ಲ.

ಬಿ ವೈರಾಣು ಮೈಯಲ್ಲಿ ಬೇರೂರಿದವರು ಎಲ್ಲರೂ ಸಾಯುವುದಿಲ್ಲ. ಪ್ರಾಯಕ್ಕೆ ಬಂದ ಮೇಲೆ ಸೋಂಕಾದರೆ ನೂರಕ್ಕೆ ತೊಂಬತ್ತೈದು ಜನ ತಾವಾಗಿಯೇ ಅದನ್ನು ಹೊರಹಾಕುತ್ತಾರೆ. ಹುಟ್ಟುವಾಗ ತಾಯಿಯಿಂದ ಬಂದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಕಾಯಂ ಆಗಿ ಉಳಿಯುತ್ತದೆ. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಲಸಿಕೆ ಹಾಕಿಸಿದರೆ ಈ ಅಪಾಯ ಬಹಳಷ್ಟು ತಪ್ಪುತ್ತದೆ. ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಬಂದವರು, ಹೆರಿಗೆಯ ಸುದ್ದಿ ಕಾಯುತ್ತಿರುವವರು ಈ ಒಂದು ಮಾತನ್ನು ಮನೆಗೆ ಫೋನಿನಲ್ಲಿ ಇಂದೇ ಹೇಳಲಿ. ಕಾಯಂ ಸೋಂಕಿದ್ದವರಲ್ಲಿ ಯಾರಿಗೆ ಅಗತ್ಯವೋ ಅವರಿಗೆ ಟೆನೊಫೊವಿರ್ ಮುಂತಾದ ಮಾತ್ರೆಗಳಿವೆ. ಅವು ವೈರಾಣುವನ್ನು ಬೇರುಸಹಿತ ಕೀಳುವುದಿಲ್ಲ. ಆದರೆ ಅದರ ತಲೆ ಎತ್ತಗೊಡುವುದಿಲ್ಲ, ಲಿವರನ್ನು ಕಾಯುತ್ತವೆ. ಡಾಕ್ಟರರನ್ನು ಕೇಳದೆ ನಡುವೆ ನಿಲ್ಲಿಸಕೂಡದು.

ಮೂರನೆಯದು ಸಿ ವೈರಾಣುವಿನ ಕಥೆ. ಇದನ್ನು ಕೆಲಸಗಾರರಾದ ನಾವು ವಿಶೇಷವಾಗಿ ಓದಬೇಕು. ಎ ಮತ್ತು ಬಿ ಪರೀಕ್ಷೆಗಳು ಬಂದ ಮೇಲೂ ರಕ್ತ ಪಡೆದವರಲ್ಲಿ ಕಾಮಾಲೆ ನಿಲ್ಲಲಿಲ್ಲವೆಂದು ಹಾರ್ವೀ ಆಲ್ಟರ್ ಎಂಬವರು 1970ರ ದಶಕದಲ್ಲಿ ತೋರಿಸಿದರು. ಆ ಕಳ್ಳನನ್ನು ಹಿಡಿಯಲು ಮೈಕೆಲ್ ಹೌಟನ್, ಕ್ವೀ-ಲಿಮ್ ಚೂ, ಜಾರ್ಜ್ ಕುವೊ ಮತ್ತಿತರರು ಆರೇಳು ವರ್ಷ ದುಡಿದರು. ಸೋಂಕಾದ ಚಿಂಪಾಂಜಿಯ ರಕ್ತದಿಂದ ತೆಗೆದ ಲಕ್ಷಾಂತರ ತುಣುಕುಗಳನ್ನು ಒಂದೊಂದಾಗಿ ಸೋಸಿ, ಕೊನೆಗೆ ಒಂದೇ ಒಂದು ತುಣುಕಿನಲ್ಲಿ ಗುರುತು ಸಿಕ್ಕಿತು. ಅಕ್ಕಿಯ ಗೋಣಿಯಲ್ಲಿ ಒಂದು ಕಲ್ಲು ಹುಡುಕಿದಂತೆ. 1989ರಲ್ಲಿ ಇದು ಪ್ರಕಟವಾಯಿತು. ಮುಂದೆ ರಕ್ತನಿಧಿಗಳಲ್ಲಿ ಸಿ ಪರೀಕ್ಷೆ ಬಂದು, ಕೊಟ್ಟ ರಕ್ತದಿಂದ ಹರಡುವುದು ತಗ್ಗಿತು. 2013ರಲ್ಲಿ ಕೆನಡದ ದೊಡ್ಡ ಪಾರಿತೋಷಕವೊಂದು ಹೌಟನ್ನರಿಗೆ ಬಂದಾಗ, ಜೊತೆಗೆ ದುಡಿದ ಚೂ ಮತ್ತು ಕುವೊ ಅವರಿಗೆ ಪಾಲಿಲ್ಲವೆಂಬ ಕಾರಣಕ್ಕೆ ಅವರು ಅದನ್ನು ಸ್ವೀಕರಿಸಲಿಲ್ಲ. ಒಂದು ಲಕ್ಷ ಡಾಲರಿನ ಮೊತ್ತವದು. ಜೊತೆಯಲ್ಲಿ ದುಡಿದವನ ಕೂಲಿಯ ನ್ಯಾಯ ಗೊತ್ತಿದ್ದ ಮನುಷ್ಯನೆಂದು ನಾವು ಗೌರವಿಸುತ್ತೇವೆ. 2020ರಲ್ಲಿ ಆಲ್ಟರ್, ಹೌಟನ್ ಹಾಗೂ ಚಾರ್ಲ್ಸ್ ರೈಸ್ ಮೂವರಿಗೆ ನೊಬೆಲ್ ಬಂತು.

ಸಿ ವೈರಾಣುವಿಗೆ ಲಸಿಕೆಯಿಲ್ಲ, ಆದರೆ ಪೂರ್ಣ ಗುಣಪಡಿಸುವ ಮಾತ್ರೆಯಿದೆ. ಸೊಫೊಸ್‌ಬುವಿರ್ ಎಂಬುದಕ್ಕೆ 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದಿನಕ್ಕೊಂದರಂತೆ 84 ಮಾತ್ರೆ. ಒಂದು ಮಾತ್ರೆಗೆ 1,000 ಡಾಲರು. ಹನ್ನೆರಡು ವಾರಕ್ಕೆ 84,000 ಡಾಲರು, ಅಂದಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿಗೂ ಮಿಕ್ಕು. ಅದೇ ಹನ್ನೆರಡು ವಾರದ ಮಾತ್ರೆಗಳನ್ನು ತಯಾರಿಸಲು ತಗಲುವ ಖರ್ಚು 68ರಿಂದ 136 ಡಾಲರು ಎಂದು ಆಂಡ್ರ್ಯೂ ಹಿಲ್ ಮತ್ತು ಜೊತೆಗಾರರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮಾಡುವ ಖರ್ಚಿಗೂ ಮಾರುವ ಬೆಲೆಗೂ ಇರುವ ಈ ಅಂತರವನ್ನು ನೋಡಿದರೆ ಗಿರಣಿಯ ಬಟ್ಟೆಯ ಲೆಕ್ಕ ಬಲ್ಲ ನಮ್ಮ ಹಿರಿಯರೂ ಬೆರಗಾದಾರು. 2014ರಲ್ಲಿ ಭಾರತದ ಕೆಲವು ಕಂಪನಿಗಳಿಗೆ ಇದನ್ನು ತಯಾರಿಸುವ ಪರವಾನಗಿ ಸಿಕ್ಕಿತು. 2015ರಿಂದ ಇಲ್ಲಿಯ ಮಾತ್ರೆ ಮಾರುಕಟ್ಟೆಗೆ ಬಂದು ಬೆಲೆ ಸಾವಿರಗಳ ಮಟ್ಟಕ್ಕೆ ಇಳಿಯಿತು. 2018ರ ಜುಲೈ 28ರಂದು ಕೇಂದ್ರ ಸರಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಅದರ ಪ್ರಕಾರ ಬಿ ಮತ್ತು ಸಿ ಪರೀಕ್ಷೆಯೂ ಔಷಧಿಯೂ ಸರಕಾರಿ ಕೇಂದ್ರಗಳಲ್ಲಿ ಪುಕ್ಕಟೆ. ಈ ಬಗೆಯ ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಜನ ಗುಣವಾಗುತ್ತಾರೆ.

ಇಷ್ಟೆಲ್ಲ ಇದ್ದೂ ಸ್ಥಿತಿ ಹೇಗಿದೆ? ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಭಾರತದಲ್ಲಿ ಬಿ ಸೋಂಕಿದ್ದವರು 2.98 ಕೋಟಿ, ಸಿ ಸೋಂಕಿದ್ದವರು 55 ಲಕ್ಷ. ಜಗತ್ತಿನಲ್ಲಿ ಬಿ ಸೋಂಕಿದ್ದ ನೂರು ಜನರಲ್ಲಿ 13 ಜನರಿಗೆ ಮಾತ್ರ ತಮಗೆ ಸೋಂಕಿದೆ ಎಂಬುದು ಪರೀಕ್ಷೆಯಿಂದ ತಿಳಿದಿತ್ತು. ಉಳಿದ 87 ಜನ ಏನೂ ತಿಳಿಯದೆ ದುಡಿಯುತ್ತಿದ್ದರು. ಔಷಧಿ ಕಪಾಟಿನಲ್ಲಿದೆ, ರೋಗಿ ಬೀದಿಯಲ್ಲಿದ್ದಾನೆ. ಇವರಿಬ್ಬರನ್ನು ಕೂಡಿಸುವ ಸೇತುವೆ ರಕ್ತಪರೀಕ್ಷೆಯೊಂದೇ. ಆ ಸೇತುವೆಯ ಬಾಯಲ್ಲಿಯೇ ಕೆಲಸ ಹೋಗುತ್ತದೆಂಬ ಹೆದರಿಕೆಯನ್ನು ನಿಲ್ಲಿಸಿದರೆ ಯಾರು ದಾಟಿಯಾರು?

ಇಲ್ಲಿ ನಮ್ಮ ಊರಿನ ಔಷಧಿಯ ಮಾತನ್ನೂ ಹೇಳಬೇಕು. ಕಣ್ಣು ಹಳದಿಯಾದೊಡನೆ ಊರಿಗೆ ಹೋಗಿ ಕಾಮಾಲೆ ಮದ್ದು ಕುಡಿದು ಬರುವುದು ನಮ್ಮವರ ರೂಢಿ. ನೆಲನೆಲ್ಲಿ ಅದರಲ್ಲಿ ಮುಖ್ಯವಾದುದು. ವಿಜ್ಞಾನಿಗಳು ಇದನ್ನು ಹಗುರವಾಗಿ ತಳ್ಳಿಹಾಕಲಿಲ್ಲ ಎಂಬುದನ್ನು ಹೇಳಲು ನಮಗೆ ಸಂತೋಷವಾಗುತ್ತದೆ. ಚೆನ್ನೈಯ ತ್ಯಾಗರಾಜನ್ ಮತ್ತು ಸಂಗಡಿಗರು, ಅದೇ ಬ್ಲಂಬರ್ಗರೂ ಸೇರಿ, ಬಿ ಸೋಂಕಿದ್ದವರಿಗೆ ಮೂವತ್ತು ದಿನ ನೆಲನೆಲ್ಲಿ ಕೊಟ್ಟು ನೋಡಿದರು. 37 ಜನರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತು. ಬರೀ ಹುಸಿಮಾತ್ರೆ ಕೊಟ್ಟ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. 1988ರಲ್ಲಿ ಇದು ಪ್ರಕಟವಾದಾಗ ದೊಡ್ಡ ಆಸೆ ಹುಟ್ಟಿತು. ಆದರೆ ಬೇರೆ ಕಡೆಗಳಲ್ಲಿ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಒಬ್ಬರ ಕೈಯಲ್ಲಿ ಆದುದು ಹತ್ತು ಜನರ ಕೈಯಲ್ಲಿಯೂ ಆಗಬೇಕು. ಆಗಲೇ ಅದು ಔಷಧಿ. ಕಾಮಾಲೆಯಲ್ಲಿ ಎ ಮತ್ತು ಇ ತಾವಾಗಿಯೇ ಇಳಿಯತಕ್ಕವಾದ್ದರಿಂದ, ಆ ಹೊತ್ತಿಗೆ ಕುಡಿದ ಯಾವ ಮದ್ದಿಗೂ ಹೆಸರು ಬರುತ್ತದೆ. ಬಿ ಮತ್ತು ಸಿ ಎಲ್ಲರಲ್ಲಿಯೂ ಹಾಗೆ ಇಳಿಯುವುದಿಲ್ಲ. ಕಣ್ಣಿನ ಹಳದಿ ಹೋದರೂ ಒಳಗೆ ಕೂತಿರಬಹುದು. ಆದ್ದರಿಂದ ಮದ್ದು ಕುಡಿಯುವ ಮೊದಲು ರಕ್ತಪರೀಕ್ಷೆಯಾಗಲಿ. ಹೆಸರು ಹೇಳದ ಪುಡಿ, ಭಸ್ಮಗಳನ್ನು ಮಾತ್ರ ಮುಟ್ಟಬೇಡಿ. ದಣಿದ ಲಿವರಿಗೆ ಇನ್ನೊಂದು ವಿಷ ಬೇಡ.

ವೈರಾಣುವಿಲ್ಲದೆಯೂ ಲಿವರ್ ಕೆಡುತ್ತದೆ. ಕುಡಿತದ ಬಗ್ಗೆ ಉಪದೇಶ ಮಾಡುವವರು ಬಹಳ ಜನ ಇದ್ದಾರೆ. ಹದಿನಾಲ್ಕು ತಾಸು ನಿಂತು, ಅಟ್ಟದ ಮೇಲೆ ಬಿಸಿಗಾಳಿಯಲ್ಲಿ ಮಲಗುವವನಿಗೆ ಕ್ವಾರ್ಟರಿನ ಆಸೆ ಏಕೆ ಹುಟ್ಟುತ್ತದೆಂದು ಅವರು ಕೇಳುವುದಿಲ್ಲ. ನಾವು ಕೇಳುತ್ತೇವೆ, ಆದರೂ ಸತ್ಯವನ್ನು ಮುಚ್ಚಿಡಲಾರೆವು. ದಿನವೂ ಕುಡಿಯುವವನ ಲಿವರ್ ಮೊದಲು ಕೊಬ್ಬುಗಟ್ಟುತ್ತದೆ, ಬಳಿಕ ಬಾತುಕೊಳ್ಳುತ್ತದೆ, ಕೊನೆಗೆ ಕಲ್ಲಾಗುತ್ತದೆ. ಮೊದಲ ಹಂತದಲ್ಲಿ ನಿಲ್ಲಿಸಿದರೆ ಅದು ಬಹುಮಟ್ಟಿಗೆ ತಾನೇ ಸುಧಾರಿಸುತ್ತದೆ. ಬಿ ಅಥವಾ ಸಿ ಇದ್ದವನು ಕುಡಿದರೆ ಬೆಂಕಿಗೆ ತುಪ್ಪ ಸುರಿದಂತೆ. ಕುಡಿಯದವರಲ್ಲಿಯೂ ಕೊಬ್ಬಿನ ಲಿವರ್ ಹೆಚ್ಚುತ್ತಿದೆ. ನಡುರಾತ್ರಿ ಗಿರಾಕಿ ಹೋದ ಮೇಲೆ ಉಳಿದ ಕರಿದ ತಿಂಡಿ, ದಿನಕ್ಕೆ ಹತ್ತು ಸಕ್ಕರೆ ಚಹಾ, ಸಕ್ಕರೆ ಕಾಯಿಲೆ ಇವೆಲ್ಲ ಅದರ ನೆಂಟರು. 2021ರಲ್ಲಿ ಸರಕಾರ ಇದನ್ನೂ ತನ್ನ ರೋಗನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿದೆ. 2024ರಲ್ಲಿ ಅಮೆರಿಕದಲ್ಲಿ ರೆಸ್ಮೆಟಿರಾಮ್ ಎಂಬ ಮೊದಲ ಮಾತ್ರೆಗೆ ಅನುಮತಿ ಸಿಕ್ಕಿತು. ಆದರೆ ತೂಕ ಹೆಚ್ಚಿದ್ದವರು ನೂರು ಕಿಲೋಗೆ ಏಳರಿಂದ ಹತ್ತು ಕಿಲೋದಂತೆ ಇಳಿಸಿದರೆ ಲಿವರಿನ ಉರಿ ತಗ್ಗುತ್ತದೆಂಬುದು ಮಾತ್ರೆಗಿಂತ ಮೊದಲೇ ಸಿದ್ಧವಾದ ಮಾತು.

ಪರೀಕ್ಷೆಯ ವಿಧಾನಗಳೂ ಸುಲಭವಾಗಿವೆ. ಹಿಂದೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲು ಪಕ್ಕೆಗೆ ಸೂಜಿ ಚುಚ್ಚಿ ಚೂರು ತೆಗೆಯಬೇಕಿತ್ತು. ಫ್ರಾನ್ಸಿನಲ್ಲಿ ತಯಾರಾದ ಫೈಬ್ರೋಸ್ಕ್ಯಾನ್ ಎಂಬ ಯಂತ್ರ ಪಕ್ಕೆಯ ಮೇಲೆ ಮೆಲ್ಲನೆ ತಟ್ಟಿ, ಆ ಅಲೆ ಒಳಗೆ ಎಷ್ಟು ವೇಗದಲ್ಲಿ ಓಡಿತೆಂದು ಅಳೆಯುತ್ತದೆ. ಲಿವರ್ ಗಟ್ಟಿಯಾದಷ್ಟೂ ಅಲೆ ಬೇಗ ಓಡುತ್ತದೆ. ನೋವಿಲ್ಲ, ಕೆಲವು ನಿಮಿಷಗಳ ಕೆಲಸ. ಅದೂ ಇಲ್ಲದ ಕಡೆ, 2006ರಲ್ಲಿ ಪ್ರಕಟವಾದ ಫಿಬ್-4 ಎಂಬ ಲೆಕ್ಕವಿದೆ. ವಯಸ್ಸು, ಎಎಸ್‌ಟಿ ಮತ್ತು ಎಎಲ್‌ಟಿ ಎಂಬ ಲಿವರಿನ ಎರಡು ರಕ್ತಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಈ ನಾಲ್ಕರಿಂದ ಡಾಕ್ಟರರು ಕಾಗದದ ಮೇಲೆಯೇ ಅಪಾಯ ಎಷ್ಟೆಂದು ಅಂದಾಜು ಮಾಡುತ್ತಾರೆ. ಸಿರೋಸಿಸ್ ಇದ್ದವರಿಗೆ ಆರು ತಿಂಗಳಿಗೊಮ್ಮೆ ಸೋನೋಗ್ರಫಿ ಮಾಡಿದರೆ ಕ್ಯಾನ್ಸರ್ ಸಣ್ಣದಿರುವಾಗಲೇ ಸಿಗುತ್ತದೆ.

ಈಗ ಮಾಲಿಕರಿಗೆ ನಮ್ಮ ನೇರ ಮಾತು. ಬಿ ಮತ್ತು ಸಿ ವೈರಾಣುಗಳು ಬಡಿಸಿದ ಅನ್ನದಿಂದ, ಕೊಟ್ಟ ಚಹಾದಿಂದ, ಮುಟ್ಟಿದ ತಟ್ಟೆಯಿಂದ, ಜೊತೆಯಲ್ಲಿ ಉಂಡದ್ದರಿಂದ ಹರಡುವುದಿಲ್ಲ. ಗಿರಾಕಿಗೆ ಅವನಿಂದ ಅಪಾಯವಿಲ್ಲ. ಅಂಥವನನ್ನು ಹೊರಹಾಕುವುದಕ್ಕೆ ವಿಜ್ಞಾನದ ಆಧಾರವಿಲ್ಲ. ಎ ಅಥವಾ ಇ ಕಾಮಾಲೆ ಬಂದವನು ಅಡಿಗೆಮನೆಯಿಂದ ಕೆಲವು ವಾರ ದೂರವಿರಬೇಕು, ನಿಜ. ಆದರೆ ಅದು ರಜೆ, ಶಿಕ್ಷೆಯಲ್ಲ. ಗುಣವಾದ ಮೇಲೆ ಅವನ ಜಾಗ ಅವನಿಗೆ ಸಿಗಬೇಕು. ಹೆದರಿಸಿದರೆ ಅವನು ಹಳದಿ ಕಣ್ಣನ್ನು ಮರೆಮಾಡಿ ಹಿಟ್ಟು ಕಲೆಸುತ್ತಾನೆ. ನಷ್ಟ ಗಿರಾಕಿಗೂ ಹೌದು, ಅಂಗಡಿಯ ಹೆಸರಿಗೂ ಹೌದು.

ಆದ್ದರಿಂದ ನಾವು ಕೇಳುವುದು ಇಷ್ಟು:

1. ವರ್ಷದ ಪರೀಕ್ಷೆ ನಿಜವಾಗಿ ನಡೆಯಬೇಕು. ಅದರ ಖರ್ಚನ್ನು ಸಂಬಳದಿಂದ ಮುರಿಯಕೂಡದು.

2. ಫಲಿತಾಂಶವನ್ನು ಡಾಕ್ಟರರು ಕೆಲಸಗಾರನಿಗೆ ತಿಳಿಸಬೇಕು. ಮಾಲಿಕರಿಗೆ ಕೆಲಸಕ್ಕೆ ಯೋಗ್ಯನೇ ಅಲ್ಲವೇ ಎಂಬಷ್ಟು ತಿಳಿದರೆ ಸಾಕು.

3. ಬಿ ಅಥವಾ ಸಿ ಇದೆಯೆಂಬ ಕಾರಣಕ್ಕೆ ಯಾರನ್ನೂ ತೆಗೆಯಕೂಡದು.

4. ಬಿ ಸೋಂಕಿಲ್ಲದವರಿಗೆಲ್ಲ ಲಸಿಕೆಯ ಮೂರು ಚುಚ್ಚು, ಅಂದರೆ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಮಾಲಿಕರ ಖರ್ಚಿನಲ್ಲಿ ಆಗಬೇಕು.

5. ಟಾಕಿ ತೊಳೆದ ತಾರೀಕನ್ನು ಗೋಡೆಯ ಮೇಲೆ ಬರೆಯಬೇಕು. ಸಂಡಾಸಿನಲ್ಲಿ ಸಾಬೂನು, ಮೋರಿಯಲ್ಲಿ ಹರಿಯುವ ನೀರು ಇರಬೇಕು.

6. ಹತ್ತು ಅಥವಾ ಹೆಚ್ಚು ಜನರಿರುವ ಹೋಟೆಲುಗಳು ಇ.ಎಸ್.ಐ.ಯಲ್ಲಿ ಪ್ರತಿಯೊಬ್ಬರ ಹೆಸರು ಬರೆಸಬೇಕು.

ಇ.ಎಸ್.ಐ. ಬಗ್ಗೆ ಒಂದು ಮಾತು. 2019ರ ಜುಲೈಯಿಂದ ಇದಕ್ಕೆ ಕೆಲಸಗಾರನ ಪಾಲು ನೂರು ರೂಪಾಯಿಗೆ 75 ಪೈಸೆ, ಮಾಲಿಕರ ಪಾಲು ಮೂರೂಕಾಲು ರೂಪಾಯಿ ಎಂದು ಗೊತ್ತುಮಾಡಲಾಯಿತು. ಈ ಸಣ್ಣ ಮೊತ್ತದಿಂದ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳ ವರೆಗೆ ಕೂಲಿಯ ನೂರಕ್ಕೆ ಎಪ್ಪತ್ತರಷ್ಟು ದೊರೆಯುತ್ತದೆ. ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಹೊಟ್ಟೆಯಲ್ಲಿ ನೀರು ತುಂಬುವ ಸಿರೋಸಿಸ್ ಕೂಡ ಇದೆ. ಶರತ್ತುಗಳು ಪೂರೈಸಿದವರಿಗೆ ನೂರಕ್ಕೆ ಎಂಬತ್ತರಂತೆ ಇನ್ನೂ ದೀರ್ಘಕಾಲ ಸಿಗುತ್ತದೆ. ಹೆಸರು ಬರೆಸದ ಮಾಲಿಕ ಉಳಿಸುವುದು ಮೂರೂಕಾಲು ರೂಪಾಯಿ, ಕೆಲಸಗಾರ ಕಳೆದುಕೊಳ್ಳುವುದು ಜೀವದ ಆಸರೆ.

ಮಾಲಿಕರಿಗೆ ಹೇಳಿದ್ದಾಯಿತು. ಈಗ ನಮ್ಮವರಿಗೆ. ಅಟ್ಟದ ಮೇಲೆ ಹತ್ತು ಜನರಿಗೆ ಒಂದೇ ರೇಜರು ಎಂಬ ಪದ್ಧತಿ ಇಂದೇ ನಿಲ್ಲಲಿ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ಹಾಕಿಸಿ. ಜಾತ್ರೆಯಲ್ಲಿ ಹಚ್ಚೆ ಚುಚ್ಚಿಸಿಕೊಳ್ಳಬೇಡಿ. ದವಾಖಾನೆಯಲ್ಲಿ ಸೂಜಿ ಹೊಸದೇ ಎಂದು ಕೇಳಲು ನಾಚಬೇಡಿ. ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರಲ್ಲಿ, ಸಿ ಪರೀಕ್ಷೆ ಬರುವ ಮೊದಲು ಆಪರೇಷನ್ನಿಗೋ ಅಪಘಾತಕ್ಕೋ ರಕ್ತ ಪಡೆದವರು, ಕುದಿಸಿ ಬಳಸುತ್ತಿದ್ದ ಗಾಜಿನ ಸಿರಿಂಜಿನಿಂದ ಇಂಜೆಕ್ಷನ್ ತೆಗೆದುಕೊಂಡವರು, ಒಂದು ಸಲವಾದರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಮೊದಲ ಸಿ ಪರೀಕ್ಷೆಯಲ್ಲಿ ಗುರುತು ಕಂಡರೆ ಕಂಗೆಡಬೇಡಿ. ವೈರಾಣು ಈಗಲೂ ಇದೆಯೇ ಎಂದು ಹೇಳುವ ಎರಡನೆಯ ಪರೀಕ್ಷೆ ಆಗಲೇಬೇಕು. ದೊಡ್ಡ ಸರಕಾರಿ ಅಥವಾ ನಗರಪಾಲಿಕೆಯ ಆಸ್ಪತ್ರೆಗೆ ಹೋಗಿ ಹೆಪಟೈಟಿಸ್ ಕಾರ್ಯಕ್ರಮದ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ. ಮರಾಠಿ ಬಾರದ ಹೊಸ ಹುಡುಗರ ಜೊತೆಗೆ ಮಾತು ಬಲ್ಲ ಒಬ್ಬ ಅಣ್ಣ ಹೋಗಲಿ.

ಪರೀಕ್ಷೆಯ ಕಾಗದ ತೋರಿಸಿ ಯಾರನ್ನಾದರೂ ಕೆಲಸದಿಂದ ತೆಗೆದರೆ, ಲೆಕ್ಕ ಚುಕ್ತಾದ ಚೀಟಿಗೆ ಸಹಿ ಹಾಕುವ ಮೊದಲು ನಮ್ಮ ಕಚೇರಿಗೆ ಬನ್ನಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಂದರೂ ಅಡ್ಡಿಯಿಲ್ಲ, ಬಾಗಿಲು ತೆರೆದಿರುತ್ತದೆ. ಒಬ್ಬನ ರಕ್ತದಲ್ಲಿರುವುದು ಅವನ ಗುಟ್ಟು. ಅವನ ಕೆಲಸ ಉಳಿಸುವುದು ಮಾತ್ರ ನಮ್ಮೆಲ್ಲರ ಜವಾಬ್ದಾರಿ.